ಜೀಪಿನ ಹಳೆಯ ಗಂಟಲು

ಕೀಲಿ ತಿರುಗಿಸಿದ ಕೂಡಲೇ ಅವಳಿಗೆ ಗೊತ್ತಾಯಿತು. ಇದು ಶನಿವಾರದ ಸದ್ದಲ್ಲ.

ಎಂಜಿನ್ ಹತ್ತಿತು, ನಿಜ. ಆದರೆ ಮೊನ್ನೆ ಎದೆ ತುಂಬಿ ಮಾತಾಡಿದ್ದ ಜೀಪು ಇವತ್ತು ಮತ್ತೆ ನೆಗಡಿ ಹಿಡಿದ ಮುದುಕನ ಹಾಗೆ ಗೊರಗುಟ್ಟುತ್ತಿತ್ತು. ಸದ್ದು ಏರುತ್ತಿತ್ತು, ತಾನೇ ಇಳಿಯುತ್ತಿತ್ತು. ಅವಳು ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದಳು.

ಹೊಸ ಥ್ರಾಟಲ್ ಬಾಡಿ ಇರಲಿಲ್ಲ. ಅದರ ಜಾಗದಲ್ಲಿ ಹಳೆಯದು ಕೂತಿತ್ತು. ನಾಲ್ಕು ಬೋಲ್ಟುಗಳೂ ಬಿಗಿ, ಕೇಬಲ್ ಸರಿಯಾಗಿ ಕೊಂಡಿಯಲ್ಲಿ—ಏನೂ ನಡೆದೇ ಇಲ್ಲವೆಂಬಂತೆ.

ಥ್ರಾಟಲ್ ಬಾಡಿ ಎಂದರೆ ಎಂಜಿನ್ನಿನ ಗಂಟಲು. ಪೆಡಲ್ ಒತ್ತಿದಾಗ ಅದರೊಳಗಿನ ಬಿಲ್ಲೆ ತೆರೆದುಕೊಂಡು ಎಂಜಿನ್ನಿಗೆ ಗಾಳಿ ಹೋಗುತ್ತದೆ. ಇಪ್ಪತ್ತೈದು ವರ್ಷದ ಈ ಜೀಪಿನ ಗಂಟಲು ಸವೆದು ಅಲ್ಲಾಡುತ್ತಿತ್ತು. ಹೋದ ತಿಂಗಳು ಗುಡ್ಡದ ಆಸ್ಪತ್ರೆಯವರು ಇಟ್ಟ ಪರೀಕ್ಷೆಯಲ್ಲಿ ಅದು ಹೊರೆ ಹೊತ್ತು ಉಳಿದ ತಿರುವನ್ನೆಲ್ಲ ಹತ್ತಿ, ಕಡೆಯದರಲ್ಲಿ ದಮ್ಮು ಕಟ್ಟಿ ನಿಂತುಬಿಟ್ಟಿತ್ತು. ಇನ್ನೊಂದು ಅವಕಾಶ ಕೊಡಿ ಎಂದು ಅವಳು ಕೇಳಿಕೊಂಡಿದ್ದಳು. ಎರಡು ಮಿಲಿಮೀಟರ್ ಅಗಲವಾದ ಹೊಸ ಥ್ರಾಟಲ್ ಬಾಡಿ ತರಿಸಿ, ಅದಕ್ಕೆ ಹೊಂದುವಂತೆ ಎಂಜಿನ್ನಿನ ಬಾಯಿಯನ್ನು ತಾನೇ ಅರದಿಂದ ಉಜ್ಜಿ, ಶನಿವಾರವಿಡೀ ಕೂತು ಜೋಡಿಸಿದ್ದಳು.

ಆ ಅವಕಾಶ ಇವತ್ತು ಹನ್ನೊಂದಕ್ಕೆ. ಗೆದ್ದರೆ ಆಸ್ಪತ್ರೆಯ ಗಾಡಿ ಅವಳದು. ವಾರಕ್ಕೆ ಐದು ದಿನ ಹಗಲೂ ರಾತ್ರಿ ಗುಡ್ಡದ ಮೇಲೇ ಇದ್ದು ರೋಗಿಗಳನ್ನು ಇಳಿಸಬೇಕು. ಸೋತರೆ ಆ ಕೆಲಸ, ಸರದಿಯಲ್ಲಿ ಅವಳ ನಂತರವಿದ್ದ, ಬೀದಿಯವರೆಲ್ಲ ಮೀಸೆ ಎಂದೇ ಕರೆಯುವ ಡ್ರೈವರನದು. ಈಗ ಎಂಟು ಗಂಟೆ.

"ಚಿಕ್ಕಮ್ಮ, ಸ್ವಲ್ಪ ಇಲ್ಲಿ ಬರ್ತೀರಾ?"

ಚಿಕ್ಕಮ್ಮ ಕಾಫಿ ಲೋಟದ ಸಮೇತ ಶೆಡ್ಡಿಗೆ ಬಂದರು. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಗೆ ನಜ್ಜುಗುಜ್ಜಾದ ಗಾಡಿಗಳನ್ನು ಪರೀಕ್ಷಿಸಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ವರದಿ ಬರೆದವರು. ನಿವೃತ್ತಿಯ ಮೇಲೂ ಕಣ್ಣಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕನ ಮಗಳ ಪರೀಕ್ಷೆ ನೋಡಲೆಂದೇ ಎರಡು ದಿನದ ಹಿಂದೆ ಬಂದಿದ್ದರು.

"ಯಾವಾಗ ನಡೆದಿರಬಹುದು?" ಎಂದರು, ಅವಳು ತೋರಿಸಿದ್ದನ್ನು ನೋಡಿ.

"ನಿನ್ನೆ ಬೆಳಗ್ಗೆ ಒಂದು ಸುತ್ತು ಹೊಡೆದು ಬಂದೆ, ಸರಿಯಿತ್ತು. ಆಮೇಲೆ ನಾವಿಬ್ರೂ ಆಸ್ಪತ್ರೆಯವರ ಸಭೆಗೆ ಹೋದ್ವಲ್ಲ, ಬಂದಾಗ ಸಂಜೆ. ಅಷ್ಟರೊಳಗೇ."

"ಶೆಡ್ಡಿನ ಕೀಲಿ?"

"ಒಂದು ನಮ್ಮನೆಯವರ ಅಂಗಡಿ ಮೊಳೆಗೆ ನೇತಾಡ್ತಿರುತ್ತೆ. ಇನ್ನೊಂದು ಎದುರುಗಡೆ ಮಿಸ್ತ್ರಿ ಹತ್ರ. ಅವನ ವೆಲ್ಡಿಂಗ್ ಸಾಮಾನು ಇಲ್ಲೇ ಇರೋದು."

"ಶನಿವಾರ ಜೋಡಿಸುವಾಗ ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಇವರು ಟಾರ್ಚ್ ಹಿಡ್ಕೊಂಡಿದ್ರು, ಅಷ್ಟೇ."

ಚಿಕ್ಕಮ್ಮ ಒಂದು ಗುಟುಕು ಕಾಫಿ ಕುಡಿದು ಬಾನೆಟ್ಟಿನೊಳಗೆ ಬಗ್ಗಿದರು. ಥ್ರಾಟಲ್ ಬಾಡಿ ಎಂಜಿನ್ನಿಗೆ ಕೂಡುವ ಕಡೆ ಗಾಳಿ ಸೋರದಿರಲೆಂದು ಒಂದು ರಟ್ಟು ಇರುತ್ತದೆ, ಗ್ಯಾಸ್ಕೆಟ್ ಎನ್ನುತ್ತಾರೆ. ಅಲ್ಲಿದ್ದದ್ದು ಕೈಯಲ್ಲಿ ಕತ್ತರಿಸಿದ್ದು. ಲೋಹದ ಅಂಚು ದಾಟಿ ಹೊರಗೆ ಇಣುಕುತ್ತಿತ್ತು.

"ನಾನು ಹಾಕಿದ ಗ್ಯಾಸ್ಕೆಟ್ ಬಿಚ್ಚುವಾಗ ಹರಿದಿರಬೇಕು," ಎಂದಳು ಅವಳು. "ಅವಸರದಲ್ಲಿ ಯಾವುದೋ ರಟ್ಟು ಕತ್ತರಿಸಿ ತುರುಕಿದಾರೆ."

"ಅವಸರ," ಎಂದರು ಚಿಕ್ಕಮ್ಮ, ಒಪ್ಪಿದಂತೆಯೂ ಅಲ್ಲ, ಒಪ್ಪದಂತೆಯೂ ಅಲ್ಲ.

ಇಬ್ಬರೂ ರಸ್ತೆ ದಾಟಿದಾಗ ಮಿಸ್ತ್ರಿ ಅಂಗಡಿಯ ಬಾಗಿಲು ಆಗಷ್ಟೇ ಎತ್ತುತ್ತಿದ್ದ. ತನ್ನನ್ನು ಕರೆಯದೆ ಅವಳೇ ಜೋಡಿಸಿಕೊಂಡಳೆಂಬ ಮುನಿಸು ಅವನ ಮುಖದಲ್ಲಿ ಇನ್ನೂ ಆರಿರಲಿಲ್ಲ.

"ಹಳೇ ಗಾಡಿಗೆ ಹೊಸ ಗಂಟಲು ಬೇಡ ಅಂತ ನಾನಾಗಲೇ ಹೇಳಿದ್ದೆ, ಡ್ರೈವರಮ್ಮ. ನನ್ನ ಮಾತು ಯಾರಿಗೆ ಬೇಕು?"

"ಹಾಗಂತ ನೀನೇ ಬಿಚ್ಚಿದ್ಯಾ?" ಚಿಕ್ಕಮ್ಮ ನಗುತ್ತಲೇ ಕೇಳಿದರು.

"ನಾನಾ? ಭಾನುವಾರ ನಾನು ನಟ್ಟು ಮುಟ್ಟಿದ್ರೆ ನನ್ನ ಹೆಂಡತಿ ನನ್ನನ್ನೇ ಬಿಚ್ಚಿಹಾಕ್ತಾಳೆ. ಬೇಕಾದ್ರೆ ಕೇಳಿ."

"ಈ ಜೀಪಿನ ಗ್ಯಾಸ್ಕೆಟ್ ನಿನ್ನ ಹತ್ರ ಇದ್ಯಾ?"

ಮಿಸ್ತ್ರಿ ಮೇಲಿನ ಹಲಗೆ ತೋರಿಸಿದ. ಅಲ್ಲಿ ಒಂದು ಕಟ್ಟಿನ ತುಂಬ ಗ್ಯಾಸ್ಕೆಟ್ಟುಗಳು ತೂಗುತ್ತಿದ್ದವು. ಚಿಕ್ಕಮ್ಮ ತಲೆಯಾಡಿಸಿ ಹೊರಟರು.

ಮೀಸೆ ಬೀದಿಯ ಕೊನೆಯಲ್ಲಿ ತನ್ನ ಗಾಡಿ ತೊಳೆಯುತ್ತಿದ್ದ. ಸುದ್ದಿ ಕೇಳಿ ಚಿಂದಿ ಬಟ್ಟೆ ಹಿಂಡುತ್ತ ನಿಂತ.

"ನನ್ನ ಮೇಲೆ ಅನುಮಾನ ತಾನೇ? ಬರಲಿ ಬಿಡಿ. ಬರದಿದ್ರೆ ನನಗೇ ಬೇಜಾರು."

"ನೀವು ಮಾಡೋದಾದ್ರೆ ಹೇಗೆ ಮಾಡ್ತಿದ್ರಿ?"

"ಒಂದು ವೈರು ಕತ್ತರಿಸಿದ್ರೆ ಆಯ್ತಪ್ಪ. ಅರ್ಧ ದಿನ ಬಗ್ಗಿಕೊಂಡು ಇನ್ನೊಬ್ಬರ ಗಾಡಿ ರಿಪೇರಿ ಮಾಡೋಕೆ ನನಗೇನು ಬುದ್ಧಿ ಕೆಟ್ಟಿದ್ಯಾ?"

ವಾಪಸ್ಸು ಬರುವಾಗ, ಮೀಸೆಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸು ಆಸೆಪಡುತ್ತಿದ್ದುದು ಅವಳಿಗೇ ವಿಚಿತ್ರವೆನಿಸಿತು. ಪರರು ಮಾಡಿದ ಕೇಡನ್ನು ಒಂದು ಸಂಜೆ ಬೈದು ಮುಗಿಸಬಹುದು. ಮನೆಯ ದಿಕ್ಕಿಗೆ ಒಂದೊಂದು ಹೆಜ್ಜೆ ಹಾಕಿದಂತೆ ಆ ಆಸೆ ತೆಳ್ಳಗಾಗುತ್ತ ಬಂತು.

"ನಿನ್ನ ಅಭ್ಯಾಸ ಒಂದು ಹೇಳ್ಲಾ?" ಎಂದರು ಚಿಕ್ಕಮ್ಮ. "ಕೆಲಸ ಮಾಡ್ತಾ ಗಟ್ಟಿಯಾಗಿ ನಿನಗೆ ನೀನೇ ಹೇಳ್ಕೋತೀಯ. ಈಗ ಈ ಸೆನ್ಸರ್ ತೆಗೀಬೇಕು, ಈಗ ಆ ಮೋಟಾರ್ ಆ ಕಡೆ ಹಾಕ್ಬೇಕು. ಶನಿವಾರ ಒಳಗೆ ಕೂತಿದ್ದ ನನಗೂ ಕೇಳಿಸ್ತಿತ್ತು."

"ಮರೆತುಹೋಗುತ್ತೆ ಅಂತ. ಹಳೇದರಲ್ಲಿದ್ದ ಆ ಎರಡೂ ಚಿಕ್ಕ ಭಾಗಗಳನ್ನ ಹೊಸದಕ್ಕೆ ಹಾಕಲೇಬೇಕಲ್ಲ, ಚಿಕ್ಕಮ್ಮ."

"ನಿನ್ನೆ ಬಂದವನು ಅವೆರಡನ್ನೂ ಮತ್ತೆ ಹಳೇದಕ್ಕೆ ಹಾಕಿದಾನೆ. ಹೇಗೆ ಕಲಿತ ಹಾಗಾದ್ರೆ?"

ಅವಳು ನಿಂತುಬಿಟ್ಟಳು.

ಮನೆಯ ಮುಂಭಾಗವೇ ಗಂಡನ ಹೊಲಿಗೆ ಅಂಗಡಿ. ಅವನು ಕೋಟುಗಳ ದರ್ಜಿ. ಕತ್ತರಿಸುವ ಮೇಜಿನ ಮುಂದೆ ನಿಂತು, ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಒಂದು ಬಲ್ಬನ್ನೂ ಬದಲಾಯಿಸದವನು ಎಂದು ಬೀದಿಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು.

"ನಿನ್ನೆ ಮಧ್ಯಾಹ್ನ ಇಲ್ಲೇ ಇದ್ರಾ?" ಚಿಕ್ಕಮ್ಮ ಸ್ಟೂಲ್ ಎಳೆದುಕೊಂಡು ಕೂತರು.

"ಇಲ್ಲೇ. ಒಂದು ಕೋಟು ಕತ್ತರಿಸ್ತಿದ್ದೆ."

"ಕೀಲಿ ತಗೊಳೋಕೆ ಯಾರಾದ್ರೂ ಬಂದಿದ್ರಾ?"

ಒಂದು ಕ್ಷಣ ಸೀಮೆಸುಣ್ಣ ನಿಂತಿತು. "ಇಲ್ಲ."

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದ್ದು ನಿಜವೇ.

ಚಿಕ್ಕಮ್ಮ ಸಣ್ಣ ದನಿಯಲ್ಲಿ, ವರದಿ ಓದಿ ಹೇಳುವಂತೆ ಶುರುಮಾಡಿದರು. "ಕಳ್ಳ ಕದ್ದ ಮೇಲೆ ಓಡ್ತಾನೆ. ಇವನು ಹಳೇದನ್ನ ಜೋಪಾನವಾಗಿ ಕೂರಿಸಿ, ಬೋಲ್ಟು ಬಿಗಿದು, ಪೆಡಲ್ ಸಿಕ್ಕಿಹಾಕ್ಕೊಳ್ಳದ ಹಾಗೆ ಕೇಬಲ್ ನೋಡಿ ಹೋಗಿದಾನೆ. ಅಂದ್ರೆ ಗಾಡಿ ಓಡಬೇಕು, ಓಡಿಸೋಳಿಗೆ ಏನೂ ಆಗಬಾರದು. ಆದ್ರೆ ಗುಡ್ಡ ಮಾತ್ರ ಹತ್ತಬಾರದು. ಮೀಸೆಗೆ ಇಷ್ಟು ಅಕ್ಕರೆ ಇಲ್ಲ. ಮಿಸ್ತ್ರಿ ಹತ್ರ ಗ್ಯಾಸ್ಕೆಟ್ ರಾಶಿ ಇದೆ, ಅವನು ರಟ್ಟು ಕತ್ತರಿಸಲ್ಲ."

"ಆ ರಟ್ಟು ಅವಸರದ್ದು," ಎಂದಳು ಅವಳು. ತನ್ನ ದನಿ ತನಗೇ ಬೇಡಿಕೊಂಡಂತೆ ಕೇಳಿಸಿತು.

"ಅಲ್ಲ ಕಣೆ. ನಾವಿಬ್ರೂ ನೋಡಿದ್ವಿ, ಅಳೆದದ್ದು ನಾನೊಬ್ಳೇ. ಬೆರಳಲ್ಲಿ ಸುತ್ತ ಸವರಿದೆ. ಅವಸರದಲ್ಲಿ ಕತ್ತರಿಸಿದ್ರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಇದು ಸುತ್ತಲೂ ಒಂದೇ ಸಮ, ಕಾಲಿಂಚು ಆಚೆ. ಒಳಗಿನ ತೂತು ಸರಿಯಾಗಿರಬೇಕು, ಇಲ್ಲದಿದ್ರೆ ಎಂಜಿನ್ ಇಷ್ಟೂ ಓಡ್ತಿರಲಿಲ್ಲ. ಹೊರಗೆ ಮಾತ್ರ ಕಾಲಿಂಚು ಬಿಟ್ಟಿದಾನೆ. ಮಿಸ್ತ್ರಿಗಳು ಗೆರೆ ಮೇಲೇ ಕತ್ತರಿಸ್ತಾರೆ. ಗೆರೆಯಿಂದಾಚೆ ಕಾಲಿಂಚು ಬಿಡದೆ ಕತ್ತರಿ ಆಡಿಸೋಕೆ ಬಾರದವರು ಒಬ್ಬರೇ. ಹೊಲಿಗೆಗೆ ಅಂತ ಅಂಚು ಬಿಡೋರು."

ಗಂಡ ಬಗ್ಗಿ, ಮೇಜಿನ ಕೆಳಗಿಂದ, ಕೋಟಿನೊಳಗೆ ಹಾಕುವ ಅಸ್ತರಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಮೇಲಿಟ್ಟ. ಹೊಸ ಥ್ರಾಟಲ್ ಬಾಡಿಯ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಕಾಲಿಂಚಾ?" ಎಂದ ಅವನು ಮೆಲ್ಲಗೆ. "ನನಗೆ ಗೊತ್ತೇ ಆಗಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಬೆನ್ನಿಗೇ ಬೇರೊಂದು ಬಂತು, ಅದಕ್ಕೆ ಅವಳಲ್ಲಿ ಹೆಸರಿರಲಿಲ್ಲ. ಎಷ್ಟೋ ವರ್ಷ ಅವನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳು ಗಾಡಿಯ ಜೊತೆ ಮಾತಾಡಿದ್ದಳು. ಅವನು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ, ನೆನಪಿಟ್ಟಿದ್ದ. ಚಿಕ್ಕಮ್ಮ ಜೊತೆಗೆ ಯಾರಿದ್ದರೆಂದು ಕೇಳಿದಾಗ ಅವಳ ಬಾಯಿಂದ ಬಂದದ್ದು—ಯಾರೂ ಇಲ್ಲ.

ಚಿಕ್ಕಮ್ಮ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದರು.

"ಯಾಕೆ?" ಎಂದಳು.

"ಐದು ದಿನ," ಎಂದ ಅವನು. ಅಳತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಹತ್ತದಿದ್ರೆ ನೀನೇ ಬೇಜಾರಾಗಿ ಬಿಟ್ಟುಬಿಡ್ತೀಯ ಅನ್ಕೊಂಡೆ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ."

"ಹೇಳಿದ್ರೆ ನನಗೋಸ್ಕರ ನೀನು ಇಲ್ಲೇ ನಿಂತುಬಿಟ್ಟಿದ್ರೆ? ಆಮೇಲೆ ಜನ್ಮವಿಡೀ ನಾನು ನಿನ್ನ ಮುಖ ನೋಡೋದು ಹೇಗೆ?"

ಗಡಿಯಾರದಲ್ಲಿ ಒಂಬತ್ತೂಕಾಲು. ಜೋಡಿಸಲು ಒಂದು ಗಂಟೆ, ಗುಡ್ಡದ ಬುಡಕ್ಕೆ ಇಪ್ಪತ್ತು ನಿಮಿಷ. ಅವಳು ಗಂಟನ್ನು ಎತ್ತಿಕೊಂಡಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ಹೊಸ ಗ್ಯಾಸ್ಕೆಟ್ ಬೇಕು. ಮಿಸ್ತ್ರಿ ಹತ್ರ ನೀವೇ ಹೋಗಿ ತನ್ನಿ. ಅವನು ಕೇಳೋದನ್ನೆಲ್ಲ ಕೇಳಿಸ್ಕೊಂಡು ಬನ್ನಿ, ಅದೇ ನಿಮಗೆ ಶಿಕ್ಷೆ. ಆಮೇಲೆ ಗಾಡಿ ಹತ್ತಿ. ಹೊರೆಗೆ ಅಂತ ಅವರು ಮರಳು ಮೂಟೆ ಹಾಕ್ತಾರೆ, ಒಂದು ಮೂಟೆ ಬದಲು ನೀವು ಕೂತ್ಕೊಳ್ಳಿ."

"ನಾನ್ಯಾಕೆ?"

"ದಾರಿಯಲ್ಲಿ ಹೇಳಿ. ಹೋಗಬೇಡ ಅಂತ, ಒಂದು ಸಲ, ನನ್ನ ಮುಖಕ್ಕೇ."

"ಹೇಳಿದ್ರೆ ಹೋಗಲ್ವಾ?"

"ಹೋಗ್ತೀನಿ," ಎಂದಳು. "ಆದ್ರೆ ಕೇಳಿಸ್ಕೊಂಡು ಹೋಗ್ತೀನಿ."

ಅವನು ಕೊರಳಿನ ಅಳತೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಮಿಸ್ತ್ರಿಯ ಅಂಗಡಿಯ ಕಡೆ ರಸ್ತೆ ದಾಟಿದ.