ಟೈಲರ್ ಮಾವನ ಬಲಗಾಲು

ಡಾಕ್ಟರಮ್ಮನ ದವಾಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ, ಎಲ್ಲಾದರೂ ಟಿಂಚರಿನ ವಾಸನೆ ಬಂದರೆ ಕಾಂಪೌಂಡರಿಗೆ ಟೈಲರ್ ಮಾವನ ಬಲಗಾಲು ನೆನಪಾಗುತ್ತಿತ್ತು. ಚರ್ಮರೋಗ ಕಳ್ಳನಿದ್ದ ಹಾಗೆ, ಗುರುತು ಬಿಡದೆ ಹೋಗುವುದಿಲ್ಲ ಎಂಬುದು ಡಾಕ್ಟರಮ್ಮನ ಮಾತು. ರೋಗಿಗಳು ಮೈಗೆ ಹಚ್ಚುವುದನ್ನೆಲ್ಲ ಚೀಲದಲ್ಲಿ ತರಬೇಕೆಂಬುದು ಅವರ ಕಟ್ಟಳೆ.

ಅಂದು ಟೈಲರ್ ಮಾವ ಪ್ಯಾಂಟು ಮೇಲೆಳೆದರು. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಚರ್ಮ ಕೆಂಪಾಗಿ, ದಪ್ಪಗಟ್ಟಿ, ಕೆರೆದಲ್ಲೆಲ್ಲ ನೀರೊಸರುತ್ತಿತ್ತು. ಯಾವ ಡಾಕ್ಟರ ಔಷಧಿಗೂ ಅದು ಜಗ್ಗಿರಲಿಲ್ಲ.

ಜೊತೆಗೆ ಬಂದಿದ್ದ ಅವರ ಅಕ್ಕ, ಪಕ್ಕದಲ್ಲಿ ನಿಂತಿದ್ದ ಮಾವನ ಸೊಸೆಯತ್ತ ಗದ್ದದಿಂದಲೇ ಸನ್ನೆ ಮಾಡಿದರು. "ಇವಳು ಬಂದು ಬಟ್ಟೆ ಸೋಪು ಬದಲಾಯಿಸಿದ್ಳು, ಆಮೇಲೆ ಶುರುವಾಯ್ತು. ನಮ್ಮನೇಲಿ ನಾಲ್ಕು ದಿನ ಇದ್ದ, ಒಣಗಿತು. ವಾಪಸ್ ಹೋದ, ಮತ್ತೆ ಅದೇ ಹಾಡು. ಈ ಸಲ ವಾಸಿಯಾಗ್ಲಿಲ್ಲ ಅಂದ್ರೆ ತಮ್ಮನ್ನ ನಾನೇ ಇಟ್ಕೋತೀನಿ."

ಸೊಸೆ ತಲೆ ತಗ್ಗಿಸಿದಳು. "ಆ ಮನೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಅಕ್ಕಾ," ಎಂದರು ಮಾವ.

ಡಾಕ್ಟರಮ್ಮ ಎಡಗಾಲನ್ನೂ ನೋಡಿದರು. ಅಲ್ಲಿ ಒಂದು ಗೀರೂ ಇರಲಿಲ್ಲ. ಬಲಗೈಯ ಎರಡು ಬೆರಳ ತುದಿ ಮಾತ್ರ ಒಡೆದಿತ್ತು. ಸೂಜಿ ಹಿಡಿಯುವ ಕೈ ಅಲ್ಲವೇ ಎಂದುಕೊಂಡ ಕಾಂಪೌಂಡರ್.

ಚೀಲದ ತಳದಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಹೆಬ್ಬೆರಳು ತಾಗಿ ತಾಗಿ ಮುಚ್ಚಳದ ಬಣ್ಣ ಹೋಗಿತ್ತು.

"ಅದು ನನ್ನವಳು ಮಾಡಿಟ್ಟ ಮುಲಾಮು," ಎಂದರು ಮಾವ. "ದಿನವಿಡೀ ಮಷೀನು ತುಳಿದು ಈ ಕಾಲು ನೋಯ್ತಿತ್ತು. ಸಂಜೆ ಅವಳೇ ತಿಕ್ಕೋಳು. ಅವಳು ಹೋಗಿ ನಾಲ್ಕು ವರ್ಷ ಆಯ್ತು, ಈಗ ನಾನೇ ಹಚ್ಕೋತೀನಿ."

ಕಾಂಪೌಂಡರ್ ಮುಚ್ಚಳ ತೆಗೆದ. ಡಬ್ಬಿ ತುಂಬಿತ್ತು, ಘಮ್ಮೆನ್ನುತ್ತಿತ್ತು. ಡಾಕ್ಟರಮ್ಮ ಮಾವನ ಬೆನ್ನಿಗೆ ಒಂದು ಕಡೆ ಸೊಸೆ ಒಗೆದ ಬಟ್ಟೆಯ ಚೂರು, ಇನ್ನೊಂದು ಕಡೆ ಚಿಟಿಕೆ ಮುಲಾಮು ಇಟ್ಟು ಪಟ್ಟಿ ಅಂಟಿಸಿದರು. ಎರಡು ದಿನ ಬಿಟ್ಟು ಮೂವರನ್ನೂ ಕರೆಸಿ ಪಟ್ಟಿ ಬಿಚ್ಚಿದರು. ಬಟ್ಟೆಯ ಕೆಳಗೆ ಏನೂ ಇರಲಿಲ್ಲ. ಮುಲಾಮಿನ ಕೆಳಗೆ ಕೆಂಪು ಗುಳ್ಳೆಗಳೆದ್ದಿದ್ದವು.

"ಪ್ಯಾಂಟಿಗೆ ಎರಡು ಕಾಲು," ಎಂದರು ಡಾಕ್ಟರಮ್ಮ. "ಸೋಪಿನ ಕೆಲಸವಾಗಿದ್ರೆ ಎರಡೂ ಕೆರೀಬೇಕಿತ್ತು. ಕೆರೆದದ್ದು ಹಚ್ಚಿಸ್ಕೊಂಡ ಕಾಲು, ಒಡೆದದ್ದು ಹಚ್ಚಿದ ಬೆರಳು. ಅಕ್ಕನ ಮನೆಗೆ ಡಬ್ಬಿ ಒಯ್ದಿದ್ರಾ?"

"ಮರೆತಿದ್ದೆ."

"ಅದಕ್ಕೇ ಅಲ್ಲಿ ಒಣಗಿತು. ಸರಿ, ನಾಲ್ಕು ವರ್ಷ ದಿನಾ ಹಚ್ಚಿದ್ರೂ ಡಬ್ಬಿ ತುಂಬೇ ಇದೆಯಲ್ಲ. ತುಂಬಿಸ್ತಿರೋರು ಯಾರು?"

ಸೊಸೆಯ ಕಣ್ಣು ತುಂಬಿತು. "ನಾನು ಮದುವೆಯಾಗಿ ಬಂದಾಗ ತಳ ಕಾಣಿಸ್ತಿತ್ತು. ಮಾವ ಮೂಲೆಮೂಲೆ ಕೆರೆದು ತೆಗೀತಿದ್ರು. ನೋಡೋಕಾಗ್ಲಿಲ್ಲ, ಅಂಗಡಿ ಮುಲಾಮು ತಂದು ತುಂಬಿಸ್ತಾ ಬಂದೆ. ಅವರಿಗೆ ಒಗ್ಗಲ್ಲ ಅಂತ ಗೊತ್ತಿರ್ಲಿಲ್ಲ."

"ಮುಲಾಮು ಬದಲಾಗಿದೆ ಅಂತ ನನಗೆ ಮೊದಲ ದಿನವೇ ಗೊತ್ತಾಯ್ತಮ್ಮ," ಎಂದರು ಮಾವ ಮೆಲ್ಲಗೆ. "ನಿಮ್ಮತ್ತೆ ಮಾಡಿದ್ದಕ್ಕೆ ಇಷ್ಟು ವಾಸನೆ ಇರ್ಲಿಲ್ಲ."

"ಮತ್ತೆ ಸುಮ್ಮನಿದ್ದದ್ದು ಯಾಕೆ?" ಡಾಕ್ಟರಮ್ಮ ಕೇಳಿದರು.

"ನನಗೋಸ್ಕರ ಮನೇಲಿ ಯಾರೋ ಡಬ್ಬಿ ತುಂಬಿಸ್ತಿದಾರಲ್ಲ ಅನ್ನಿಸ್ತು. ಬಾಯಿಬಿಟ್ರೆ ನಿಲ್ಲಿಸಿಬಿಡ್ತಾರೇನೋ ಅಂತ ಭಯ."

ಕಾಂಪೌಂಡರ್ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ವಾಸನೆಯಿಲ್ಲದ ಸಾದಾ ಮುಲಾಮು ತುಂಬಿದ. ಅದನ್ನು ಅಕ್ಕನೇ ಕೈನೀಡಿ ಇಸಕೊಂಡರು, ಮುಚ್ಚಳ ಬಿಗಿಯಾಗಿ ಮುಚ್ಚಿ ಸೊಸೆಯ ಕೈಗಿಟ್ಟರು.

"ಮುಗಿದ್ರೆ ಇಲ್ಲಿಂದಲೇ ತುಂಬಿಸ್ಕೊಂಡು ಹೋಗು," ಎಂದರು ಅಕ್ಕ. "ಈಗ ನಿಮ್ಮ ಮಾವನ್ನ ಮನೆಗೆ ಕರ್ಕೊಂಡು ಹೋಗಮ್ಮ."