ಹುಲಿ ಕಟ್ಟಿದ ಸಂಜೆ

"ಕಂಗ್ರಾಟ್ಸ್," ಎಂದ ಧರ್ಮ, ಕೈಯಲ್ಲಿದ್ದ ಮರದ ಆಟದ ಮಣೆಯನ್ನು ಜಗಲಿಯ ಮೇಲೆ ಇಳಿಸುತ್ತ. ಅವಳ ಮುಖ ನೋಡಲಿಲ್ಲ.

"ಯಾತಕ್ಕೆ?" ಎಂದಳು ನವ್ಯಶ್ರೀ.

"ಆಲೂರಲ್ಲೆಲ್ಲ ಅದೇ ಮಾತು. ದೊಡ್ಡ ಎಸ್ಟೇಟಿನ ಸೊಸೆ ಆಗ್ತಿದೀಯಂತೆ."

"ಇನ್ನೂ ಒಪ್ಪಿಲ್ಲ ಕಣೋ. ಇವತ್ತು ಮಾತಾಡೋಕೆ ಬರ್ತಾವ್ರೆ, ಅಷ್ಟೆ."

ಆಗ ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು, ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ನಿಂತಿತು. ನವ್ಯಶ್ರೀಗೆ ನಗು ಬಂತು.

"ಏನೋ ಅದು, ಮುಖ ಅಷ್ಟು ಕೆಂಪಗೆ?"

"ಬಿಸಿಲಿಗೆ," ಎಂದ ಧರ್ಮ. ಬೆಳಗಿನಿಂದ ಬೆಟ್ಟದ ಮೇಲೆ ಬಿಸಿಲೇ ಬಿದ್ದಿರಲಿಲ್ಲ.

ಕೆ. ಹೊಸಕೋಟೆಯಿಂದ ಒಳಗೆ, ಕಾಫಿ ತೋಟದ ನಡುವೆ ಅವಳ ಸೋದರತ್ತೆ ಬೆಟ್ಟಮ್ಮನ ಹೋಂಸ್ಟೇ ಇತ್ತು. ಅಡುಗೆ ಅತ್ತೆಯದು, ಅತಿಥಿಗಳು ನವ್ಯಶ್ರೀಯ ಪಾಲು. ಅವಳು ಆಡಿಸುವ ಆಟಗಳಿಗಾಗಿಯೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಮಧ್ಯಾಹ್ನದ ಊಟದಲ್ಲಿ ಒಬ್ಬೊಬ್ಬರನ್ನೂ ಗಮನಿಸಿ ಸಂಜೆಯ ಆಟ ಆರಿಸುತ್ತಿದ್ದಳು. ನಾಚಿಕೆಯವರನ್ನು ಡಂಬ್ ಶರಾಡ್ಸ್‌ಗೆ ನಿಲ್ಲಿಸಿದರೆ ಅದು ಶಿಕ್ಷೆ; ಅವರಿಗೆ ಜೆಂಗಾ ಕೊಡಬೇಕು, ಮಾತಿಲ್ಲದೆಯೂ ನಗಬಹುದು. ಗಲಾಟೆ ಗುಂಪಿಗೆ ಅಂತ್ಯಾಕ್ಷರಿ. ಎಲ್ಲದಕ್ಕೂ ಲೆಕ್ಕ ಹಾಕುವವರಿಗೆ ಚೌಕಾಬಾರ, ಕವಡೆ ಅವರ ಲೆಕ್ಕ ಕೆಡಿಸಲಿ ಅಂತ. ಹೊಸದಾಗಿ ಮದುವೆಯಾದವರನ್ನು ಎದುರಾಬದುರು ಕೂರಿಸಲೇಬಾರದು.

ಆಲೂರಿನಲ್ಲಿ ಮರಗೆಲಸದ ವರ್ಕ್‌ಶಾಪ್ ಇಟ್ಟಿದ್ದ ಧರ್ಮ ಆಗಾಗ ಒಂದು ಹೊಸ ಮಣೆ ಕೆತ್ತಿ ತರುತ್ತಿದ್ದ. ಅವಳು ಕೇಳಿರಲಿ, ಬಿಡಲಿ.

"ನಂಗೆ ಯಾವ ಆಟ ಸರಿ?" ಎಂದು ಒಮ್ಮೆ ಕೇಳಿದ್ದ.

"ನಿಂಗೆ ಅಳಿಗುಳಿಮಣೆ. ಒಂದೊಂದೇ ಕಾಳು ಹಾಕ್ಕಂಡು ಕೂತಿರ್ತೀಯ ಮಾರಾಯ, ವಿಷಯಕ್ಕೇ ಬರಲ್ಲ."

ಅವತ್ತೂ ಅವನು ವಿಷಯಕ್ಕೆ ಬಂದಿರಲಿಲ್ಲ.

ಎಸ್ಟೇಟಿನ ಹುಡುಗ ಪ್ರಜ್ವಲ್‌ನ ಕಾರು ಗೇಟು ದಾಟಿ ಒಳಗೆ ಬಂದದ್ದೇ, ಹಿಂದೆ ಅರಣ್ಯ ಇಲಾಖೆಯ ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು. ಆನೆಗಳ ಹಿಂಡು ಕೆಳಗಿನ ತೋಟಕ್ಕೆ ಇಳಿದಿದೆ, ಯಾರೂ ರಸ್ತೆಗೆ ಬರಬಾರದು. ಬರಬೇಕಿದ್ದ ಅತಿಥಿಗಳು ಫೋನ್ ಮಾಡಿ ಬುಕಿಂಗ್ ರದ್ದು ಮಾಡಿದರು. ಹೊರಡಲು ನಿಂತಿದ್ದ ಧರ್ಮನನ್ನು ಬೆಟ್ಟಮ್ಮ ತಡೆದರು.

"ಎಲ್ಲಿಗೋ ಹೋಗ್ತೀಯ? ಕೂತ್ಕ. ಊಟ ಐತೆ."

ಪ್ರಜ್ವಲ್ ಎಲ್ಲರಿಗೂ ಇಷ್ಟವಾಗುವಂಥ ಹುಡುಗ. ಬೆಟ್ಟಮ್ಮನ ಕಾಲಿಗೆ ನಮಸ್ಕರಿಸಿದ, ಬಡಿಸುವುದಕ್ಕೆ ತಾನೇ ಎದ್ದ, ನವ್ಯಶ್ರೀಗೆ ಕುರ್ಚಿ ಎಳೆದುಕೊಟ್ಟ. ಜೊತೆಯಲ್ಲಿ ಬಂದಿದ್ದ ತಂಗಿ ಚೈತ್ರಶ್ರೀ ಮಾತ್ರ ಬೇಕು, ಸಾಕು ಅನ್ನುವ ಮೊದಲು ಅಣ್ಣನ ಮುಖ ನೋಡುತ್ತಿದ್ದಳು. ಸಂಕೋಚದ ಹುಡುಗಿ ಅಂದುಕೊಂಡಳು ನವ್ಯಶ್ರೀ.

"ನಿಮ್ಮ ಗೇಮ್ಸ್ ಬಗ್ಗೆ ತುಂಬ ಕೇಳಿದೀನಿ," ಎಂದ ಪ್ರಜ್ವಲ್. ಅವನ ನಗು ಚೆನ್ನಾಗಿತ್ತು. "ನನ್ನ ಪರ್ಸನಾಲಿಟಿಗೆ ಯಾವ್ದು, ಹೇಳಿ ನೋಡೋಣ."

"ಇನ್ನೂ ಗೊತ್ತಾಗಿಲ್ಲ," ಎಂದಳು. ಆ ನಗು ಅವಳಿಗೆ ಹಿಡಿಸಿತ್ತು. ಒಪ್ಪಿಬಿಡೋಣ ಅನ್ನಿಸಿತ್ತು.

ಕೆಳಗೆ ಎಲ್ಲೋ ಬೈನೆ ಮರ ಮುರಿದು ಬಿದ್ದ ಸದ್ದು. ಹಕ್ಕಿಗಳು ಒಮ್ಮೆಲೇ ಸುಮ್ಮನಾದವು.

ಚೈತ್ರಶ್ರೀಗಾಗಿ ನವ್ಯಶ್ರೀ ಮೊದಲು ಜೆಂಗಾ ತೆಗೆದಳು; ಪೇರಿಸಿದ ಮರದ ತುಂಡುಗಳನ್ನು ಒಂದೊಂದಾಗಿ ಎಳೆಯಬೇಕು, ಬೀಳಿಸಿದವರು ಸೋತಂತೆ. ಹುಡುಗಿಯ ಕೈ ಎಲ್ಲರಿಗಿಂತ ಸ್ಥಿರವಾಗಿತ್ತು. ಮರದ ತುಂಡುಗಳ ಗೋಪುರ ವಾಲಿತು. ಚೈತ್ರಶ್ರೀ ಎಳೆದ ಮೇಲಿನ ಸರದಿ ಪ್ರಜ್ವಲ್‌ನದು, ಬೀಳಿಸುವುದು ಅವನೇ ಎಂಬುದು ಖಚಿತ. ಚೈತ್ರಶ್ರೀಯ ಎದುರಿಗೆ ಸುಲಭದ ತುಂಡೊಂದಿತ್ತು. ಅವಳು ಅದನ್ನು ನೋಡಿದಳು. ನೋಡಿಯೂ ಅಡಿಯ ತುಂಡನ್ನು ಎಳೆದಳು.

ಗೋಪುರ ದಡದಡ ಬಿತ್ತು.

"ಅಯ್ಯೋ, ನನ್ನಿಂದ್ಲೇ ಬಿತ್ತು!"

"ಇವಳು ಯಾವಾಗ್ಲೂ ಹೀಗೇ," ಎಂದು ನಕ್ಕ ಪ್ರಜ್ವಲ್.

ಬೇಕೆಂದೇ ಸೋಲುವವರನ್ನು ನವ್ಯಶ್ರೀ ಬಲ್ಲಳು. ಮಕ್ಕಳ ಎದುರು ಅಪ್ಪಂದಿರು ಸೋಲುತ್ತಾರೆ, ಹೊಸ ಗಂಡಂದಿರು ಸೋಲುತ್ತಾರೆ. ಆದರೆ ಹೀಗೆ, ಕಣ್ಣಲ್ಲಿ ಹೆದರಿಕೆ ಇಟ್ಟುಕೊಂಡು ಸೋತವರನ್ನು ಅವಳು ನೋಡಿರಲಿಲ್ಲ.

ಪ್ರಜ್ವಲ್ ಧರ್ಮನ ಹೊಸ ಮಣೆಯನ್ನು ಎಳೆದುಕೊಂಡ. ಹುಲಿ-ಕುರಿ ಆಟದ ಮಣೆ. ಹುಲಿ ಹಾರಿ ಹಾರಿ ಕುರಿ ತಿನ್ನಬೇಕು. ಕುರಿಗಳು ಒಟ್ಟಾಗಿ ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು.

"ಹುಲಿ ನಂದು," ಎಂದ. ಯಾರನ್ನೂ ಕೇಳಲಿಲ್ಲ.

ನವ್ಯಶ್ರೀ ಕುರಿ ನಡೆಸಿದಳು, ಗೆದ್ದಳು. ಅವನ ನಗು ಮುಖದ ಮೇಲೆ ಇದ್ದ ಹಾಗೇ ಇತ್ತು. ಮೇಜಿನ ಕೆಳಗೆ ಅವನ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ತುಂಟಾಟ ಅಂದುಕೊಂಡು ಅವಳು ನಾಚಿದಳು. ಹಿಡಿತ ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಬಿಡಿಸಿಕೊಳ್ಳಲು ನೋಡಿದರೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿತು.

"ಇನ್ನೊಂದ್ಸಲ," ಎಂದ ಮೆಲ್ಲಗೆ.

ಬೆಟ್ಟಮ್ಮ ಕಾಫಿ ತಂದರು. ಕೈ ಸಡಿಲವಾಯಿತು. "ಅತ್ತೆ, ವಾಸನೆಗೇ ಗೊತ್ತಾಗ್ತಿದೆ, ಕಾಫಿ ಸೂಪರ್!" ಎಂದ ಪ್ರಜ್ವಲ್.

ಖಾಲಿ ಲೋಟಗಳನ್ನೆತ್ತಿಕೊಂಡು ನವ್ಯಶ್ರೀ ಅಡುಗೆಮನೆಗೆ ಹೋದಾಗ ಚೈತ್ರಶ್ರೀ ಹಿಂದೆಯೇ ಬಂದಳು.

"ಅಕ್ಕ, ಈ ಸಲ ಸೋತ್ಬಿಡಿ."

"ಆಟ ತಾನೆ ಚೈತ್ರ?"

"ನಮ್ಮನೇಲಿ ಎಲ್ರೂ ಸೋಲ್ತೀವಿ. ಅಮ್ಮನೂ." ಅವಳು ತನ್ನ ಎಡಗೈ ಕಿರುಬೆರಳನ್ನು ಸವರಿಕೊಂಡಳು. ಅದು ಮಡಚುತ್ತಿರಲಿಲ್ಲ. "ಹೋದ ವರ್ಷ ಕೇರಂನಲ್ಲಿ ನಾನು ಗೆದ್ದಿದ್ದೆ."

ಅಷ್ಟೇ ಹೇಳಿ ಲೋಟ ತೊಳೆಯತೊಡಗಿದಳು.

ನವ್ಯಶ್ರೀ ತನ್ನ ಮಣಿಕಟ್ಟು ನೋಡಿಕೊಂಡಳು. ಇವನಿಗೇ ಅವಳು ಹೂಂ ಅನ್ನಲಿದ್ದದ್ದು.

ಹೊರಗೆ ಬಂದು ಮಣೆಯ ಮುಂದೆ ಕೂತಳು. ಕಿಟಕಿಯ ಬಳಿ ನಿಂತು ತೋಟದತ್ತ ನೋಡುತ್ತಿದ್ದ ಧರ್ಮ ತಿರುಗಿದ. ಅವನ ದೃಷ್ಟಿ ಅವಳ ಕೆಂಪಾದ ಮಣಿಕಟ್ಟಿನ ಮೇಲೆ ನಿಂತಿತು.

"ನವ್ಯ, ಕೈಗೇನಾಯ್ತು?"

"ಅದು ನಮ್ಮಿಬ್ಬರ ವಿಷ್ಯ," ಎಂದ ಪ್ರಜ್ವಲ್.

"ನಾನು ಕೇಳಿದ್ದು ಅವಳನ್ನ."

"ಹೇಳ್ತೀನಿ ಧರ್ಮ," ಎಂದಳು. "ಮೊದ್ಲು ಆಟ ಮುಗೀಲಿ."

ಹೊರಗೆ ಕಾಫಿ ಗಿಡಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು. ಆನೆಗಳ ಸದ್ದು ಮನೆಯ ಹತ್ತಿರಕ್ಕೆ ಬರುತ್ತಿತ್ತು. ಸೋಲುವುದು ಸುಲಭವಿತ್ತು. ಒಂದು ಕುರಿಯನ್ನು ತಪ್ಪು ಮನೆಯಲ್ಲಿಟ್ಟರೆ ಸಾಕು, ಸಂಜೆ ನಗುನಗುತ್ತ ಕಳೆಯುತ್ತದೆ. ಆಮೇಲೆ ನಾಳೆ, ನಾಡಿದ್ದು, ಜೀವನವಿಡೀ. ಬಾಗಿಲಲ್ಲಿ ನಿಂತ ಚೈತ್ರಶ್ರೀ ಗೆಲ್ಲಬೇಡಿ ಎಂದು ತಲೆಯಾಡಿಸುತ್ತಿದ್ದಳು.

ನವ್ಯಶ್ರೀ ಕೊನೆಯ ಕುರಿಯನ್ನು ಸರಿಸಿದಳು.

"ಹುಲಿ ಕಟ್ತು," ಎಂದಳು.

ಪ್ರಜ್ವಲ್ ಮಣೆಯನ್ನು ಬಹಳ ಹೊತ್ತು ನೋಡಿದ. ಕೂಗಲಿಲ್ಲ. ಕಾಯಿಗಳನ್ನು ನೀಟಾಗಿ ಒಂದು ಕಡೆ ಸೇರಿಸಿದ.

"ಚೈತ್ರಾ, ಬಾ. ಹೊರಡೋಣ."

"ಅಣ್ಣ, ಹೊರಗೆ ಆನೆ…"

"ಹೊರಡು ಅಂದೆ." ಆಮೇಲೆ ನವ್ಯಶ್ರೀಯ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, "ಮದ್ವೆ ಆದ್ಮೇಲೆ ಈ ಆಟಕ್ಕೆಲ್ಲ ನಿಮಗೆ ಟೈಮ್ ಇರಲ್ಲ."

"ಮದ್ವೆ ಆಗಲ್ಲ," ಎಂದಳು ನವ್ಯಶ್ರೀ. ಎದ್ದು ಹೋಗಿ ಚೈತ್ರಶ್ರೀಯ ಪಕ್ಕ ನಿಂತಳು. "ಚೈತ್ರ ಬರೋದು ಅವಳಿಗೆ ಇಷ್ಟ ಇದ್ರೆ ಮಾತ್ರ. ಹೇಳು ಚೈತ್ರ, ಹೋಗ್ತೀಯಾ?"

ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ನಾನು ಬರಲ್ಲ ಅಣ್ಣ."

ಅವನು ಎರಡೇ ಹೆಜ್ಜೆಗೆ ಅವರ ಹತ್ತಿರ ಬಂದ. ಅಷ್ಟರಲ್ಲಿ ಧರ್ಮ ನಡುವೆ ಬಂದು ನಿಂತಿದ್ದ, ಕೈಕಟ್ಟಿಕೊಂಡು. ಬೆಟ್ಟಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ನನ್ನ ಮನೇಲಿ ಕೈ ಎತ್ಬ್ಯಾಡ ಕಣಪ್ಪ," ಎಂದರು.

ಪ್ರಜ್ವಲ್ ಕಾರಿನ ಕೀ ಎತ್ತಿಕೊಂಡು ಹೊರಗೆ ನಡೆದ. "ಈಗ ಬ್ಯಾಡ, ಗೇಟ್ ಹತ್ರಾನೇ ಅವೆ!" ಎಂದು ಧರ್ಮ ಕೂಗಿದ. ಅವನು ಕೇಳಲಿಲ್ಲ. ಅಂಗಳದ ನಡುವೆ ತಾನಾಗಿಯೇ ನಿಂತ. ಗೇಟಿನ ಆಚೆ ಹೆಣ್ಣಾನೆಯೊಂದು ಮರಿಯನ್ನು ಕಾಲ ನಡುವೆ ಇಟ್ಟುಕೊಂಡು ಕಿವಿ ಬಿಡಿಸಿ ನಿಂತಿತ್ತು. ಪ್ರಜ್ವಲ್ ಹಿಂದಹಿಂದಕ್ಕೇ ಸರಿದು ಕಾರಿನೊಳಗೆ ಸೇರಿಕೊಂಡ. ಹಿಂಡು ಬೇಲಿ ಮುರಿದು ದಾಟುವವರೆಗೂ ಗಾಜು ಏರಿಸಿಕೊಂಡು ಕೂತಿದ್ದ. ಮನೆಯ ಕಡೆ ತಿರುಗಲಿಲ್ಲ. ಆಮೇಲೆ ಕಾರು ಇಳಿಜಾರಿನಲ್ಲಿ ಇಳಿದು ಹೋಯಿತು. ಆ ಸದ್ದು ಪೂರ್ತಿ ಅಡಗಿದ ಮೇಲೆ ಚೈತ್ರಶ್ರೀ ನೆಲದ ಮೇಲೆ ಕುಸಿದು ಕೂತು ಅತ್ತಳು.

ಬೆಳಗ್ಗೆ ವಿಷಯ ತಿಳಿದು ಹಾಸನದಿಂದ ಚೈತ್ರಶ್ರೀಯ ಚಿಕ್ಕಮ್ಮ ಬಂದರು. "ಇವಳಮ್ಮನಿಗೂ ಫೋನ್ ಮಾಡಿದೀನಿ. ಇವಳು ಇನ್ಮೇಲೆ ನಮ್ಮನೇಲೇ ಇರ್ಲಿ," ಎಂದು ಕರೆದುಕೊಂಡು ಹೋದರು.

ರಾತ್ರಿ ಜಗಲಿಯಲ್ಲೇ ಮಲಗಿದ್ದ ಧರ್ಮ ಮುರಿದ ಬೇಲಿ ಸರಿಮಾಡುತ್ತಿದ್ದ. ನವ್ಯಶ್ರೀ ತಂತಿ ಹಿಡಿದು ನಿಂತಳು.

"ಊಟದಲ್ಲಿ ಅವನು ಇಷ್ಟ ಆಗಿದ್ದ ಧರ್ಮ. ಜನ ನಂಗೆ ಅರ್ಥ ಆಗ್ತಾರೆ ಅನ್ಕಂಡಿದ್ದೆ."

"ಎಲ್ರೂ ಹಂಗೇ ಅನ್ಕಂಡಿರ್ತೀವಿ."

"ಈಗ ನಿನ್ನ ನೋಡಿದ್ರೂ ಹೆದ್ರಿಕೆ ಆಗ್ತೈತೆ."

ಅವನು ಸುತ್ತಿಗೆ ಕೆಳಗಿಟ್ಟ. "ಹೆದರ್ಕ. ನಿಧಾನಕ್ಕೆ ನೋಡು. ನಿನ್ನ ಕಂಡ್ರೆ ನಂಗಿಷ್ಟ, ಎರಡು ವರ್ಷದಿಂದ. ಹೇಳೋಕೆ ಧೈರ್ಯ ಬರ್ಲಿಲ್ಲ. ನೀನು ಇಲ್ಲ ಅಂದ್ರೆ ಇಲ್ಲಿಗೆ ಬರೋಕೆ ಒಂದು ನೆಪಾನೂ ಇರಲ್ವಲ್ಲ ಅಂತ."

ಅವಳ ಫೋನ್ ಬಡಿದುಕೊಂಡಿತು. ಪ್ರಜ್ವಲ್. ಧರ್ಮ ಹೆಸರು ನೋಡಿದ, ಕೈ ಚಾಚಲಿಲ್ಲ. ಅವಳೇ ಎತ್ತಿದಳು.

"ಇಲ್ಲ," ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಮುಖ ಬಿಳಿಚಿತು. "ಇನ್ನೊಂದ್ಸಲ ಫೋನ್ ಮಾಡಿದ್ರೆ ನಾನು, ಚೈತ್ರ, ಇಬ್ರೂ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀವಿ." ಕಟ್ ಮಾಡಿದಳು.

"ಅವನು ಸುಮ್ನಿರಲ್ಲ," ಎಂದಳು.

"ಇರಲ್ಲ. ನಾವೂ ಸುಮ್ನಿರೋದು ಬ್ಯಾಡ."

ನಾವು ಎಂಬ ಆ ಮಾತಿಗೆ ಅವಳು ಅವನನ್ನೇ ನೋಡಿದಳು. ಗಡ್ಡದಲ್ಲಿ ಮರದ ಪುಡಿ, ನಿದ್ದೆಗೆಟ್ಟ ಕಣ್ಣು.

"ನಂಗೂ ಒಂದು ಮಾತು ಹೇಳೋದೈತೆ. ಇವತ್ತು ಹೇಳಲ್ಲ. ಇವತ್ತು ಹೇಳಿದ್ರೆ ಹೆದ್ರಿಕೆಗೆ ಹೇಳ್ದಂಗಾಯ್ತದೆ. ಭಾನುವಾರ ಬಾ, ಹೇಳ್ತೀನಿ."

ಧರ್ಮ ತಲೆ ಕೆರೆದುಕೊಂಡ. "ಭಾನುವಾರಾನಾ?"

"ಯಾಕೆ, ಕಾಯೋಕಾಗಲ್ವಾ?"

"ಕಾಯ್ತೀನಿ. ಆದ್ರೆ ಇವತ್ತೇ ಭಾನುವಾರ ಕಣೇ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಮುಖ ಒರೆಸಿಕೊಂಡು, ಮುರಿದ ಬೇಲಿಯ ಪಕ್ಕದಲ್ಲೇ ನಿಂತು ಹೇಳಿದಳು, "ನಂಗೂ ನಿನ್ನ ಕಂಡ್ರೆ ಇಷ್ಟ ಕಣೋ."