ಚಾವಣಿಯ ಬಟ್ಟೆ

1891ರ ಸೆಪ್ಟೆಂಬರ್ 3, ಗುರುವಾರ, ಬೆಳಿಗ್ಗೆ ಏಳು ಗಂಟೆ. ನೆಬ್ರಾಸ್ಕಾದ ಹುಲ್ಲುಗಾವಲಿನ ಒಂದು ಮಣ್ಣಿನ ಮನೆಯಲ್ಲಿ, ಬಾವಿ ತೋಡಲು ಬಂದಿದ್ದ ಎಲೋಫ್ ಕಾಫಿಯನ್ನು ಅಂಗಿಯ ಮೇಲೆ ಸುರಿದುಕೊಂಡ.

"ಕಾಫಿ ಕೆಳಗಿದೆ. ಮೇಲೇನು ನೋಡ್ತೀರಿ?" ಎಂದಳು ಮನೆಯ ಮಗಳು ಹೆಡ್ವಿಗ್.

ಅವನು ಕಣ್ಣು ಇಳಿಸಲಿಲ್ಲ. ಚಾವಣಿಯ ಮಣ್ಣು ಉದುರದಂತೆ ಕಟ್ಟಿದ್ದ ಬಟ್ಟೆಯ ತುಂಬ ಚಿತ್ರಗಳು. ಬಂಡಿಯಿಂದ ಇಳಿಯುತ್ತಿರುವ ಆ ಮನೆಯ ಅಪ್ಪ ಅಮ್ಮ, ಮಿಡತೆ ಕವಿದ ಆಕಾಶ, ಅಮ್ಮನ ಸಮಾಧಿಯ ಮೇಲಿನ ಕಾಡುಗುಲಾಬಿ. ಒಂದೊಂದರ ಕೆಳಗೂ ಅದರ ಕಥೆ.

"ಯಾರು ಬರೆದದ್ದು?"

"ಇಲಿಗಳು."

"ಒಂದು ಇಲಿಯ ಬೆರಳಿಗೆ ಇನ್ನೂ ನೀಲಿ ಅಂಟಿದೆ."

ಅವಳು ಕೈಯನ್ನು ಏಪ್ರನ್ನಿನಲ್ಲಿ ಅಡಗಿಸಿಕೊಂಡಳು. ಕೆಂಪಾದ ಕಿವಿಗಳನ್ನು ಅಡಗಿಸಲಾಗಲಿಲ್ಲ.

ಬಾವಿಯಲ್ಲಿ ನೀರು ಕಾಣುವಷ್ಟರಲ್ಲಿ ಅವಳ ಆಸೆ ಅವನಿಗೆ ತಿಳಿದಿತ್ತು. ಬಟ್ಟೆ ಲಿಂಕನ್ ನಗರದ ಪ್ರದರ್ಶನಕ್ಕೆ ಹೋಗಬೇಕು. ಬಹುಮಾನ ಬಂದರೆ ಅಲ್ಲಿನ ಕಲಾಶಾಲೆಯಲ್ಲಿ ಅವಳಿಗೊಂದು ಜಾಗ. ಅಪ್ಪ ಗುಸ್ತಾಫ್ ಮಾತ್ರ ಒಪ್ಪುತ್ತಿರಲಿಲ್ಲ.

"ಬಿಚ್ಚಿದ್ರೆ ಚಾವಣಿ ಮಣ್ಣಿಂದ ಗಂಜಿಗೆ ಹಾವು ಬೀಳುತ್ತೆ ಮಗಳೇ. ಚಳಿಗಾಲ ಬೇರೆ ಬರ್ತಿದೆ. ಇನ್ನೊಂದು ಬಟ್ಟೆ ಎಲ್ಲಿಂದ ತರ್ಲಿ?"

ಎಲೋಫ್ ಹೊರಗೆ ಹೋಗಿ ತನ್ನ ಬಂಡಿಯ ಕ್ಯಾನ್ವಾಸ್ ಹೊದಿಕೆ ಬಿಚ್ಚಿ ತಂದ. ಅವನು ವಾಸವಿದ್ದದ್ದು ಆ ಬಂಡಿಯಲ್ಲೇ. ಅವನಿಗಿದ್ದ ಸೂರು ಅದೊಂದೇ.

"ಯಜಮಾನ್ರೇ, ಇದನ್ನ ಕಟ್ಟೋಣ."

"ಮಳೆ ಬಂದ್ರೆ ನೀನೇನು ಮಾಡ್ತೀಯೋ?"

"ನೆನೀತೀನಿ."

ಗುಸ್ತಾಫ್ ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ಆಮೇಲೆ ತಾನೇ ಏಣಿ ಹತ್ತಿ ಗಂಟು ಬಿಚ್ಚತೊಡಗಿದ.

ಲಿಂಕನ್ನಿನ ಸಭಾಂಗಣದಲ್ಲಿ ಬಟ್ಟೆಯನ್ನು ಚಾವಣಿಗೇ ಕಟ್ಟಿದರು. ಜನ ಕತ್ತೆತ್ತಿ ಓದಿದರು, ಕೆಲವರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನಕ್ಕೆ ಹೆಡ್ವಿಗ್ ಹೆಸರು ಕೂಗಿದಾಗ ಸಭೆಯೆಲ್ಲ ಎದ್ದು ನಿಂತಿತು. ಪ್ರಕಾಶಕರೊಬ್ಬರು ಬಂದು ಇದನ್ನೇ ಪುಸ್ತಕ ಮಾಡಿಕೊಡಿ ಎಂದರು.

"ಇಷ್ಟು ವರ್ಷ ಇದರ ಕೆಳಗೇ ಗೊರಕೆ ಹೊಡೆದೆನಲ್ಲ," ಎಂದು ಗುಸ್ತಾಫ್ ಮೂಗು ಒರೆಸಿಕೊಂಡ.

ಹೊರಗೆ ಮೆಟ್ಟಿಲ ಮೇಲೆ ಅವಳೆಂದಳು: "ಶಾಲೆ ಎರಡು ವರ್ಷ."

"ಕಾಯ್ತೀನಿ."

"ಸುಮ್ನೆ ಕಾಯ್ಬೇಡಿ. ಮನೆ ಕಟ್ಟಿ. ನಂಗೆ ಬರೆಯೋಕೆ ಒಂದು ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ."

"ಅಂದ್ರೆ... ನನ್ನ ಮದುವೆ ಆಗ್ತೀರಾ?"

"ಕಂಡೋರ ಮನೆಗೆ ಕಿಟಕಿ ಇಡಿಸೋಕೆ ನಂಗೇನು ಹುಚ್ಚಾ?"

ಅವನು ನಕ್ಕ. ಅವಳ ನೀಲಿ ಬೆರಳುಗಳನ್ನು ಹಿಡಿದ. ಈ ಸಲ ಅವಳು ಅಡಗಿಸಿಕೊಳ್ಳಲಿಲ್ಲ.

1893ರ ಶರತ್ಕಾಲದಲ್ಲಿ ಮದುವೆಯಾಯಿತು. ಅವಳ ಎರಡನೆಯ ಪುಸ್ತಕ ಎಲೋಫ್ ಕಟ್ಟಿದ ಮನೆಯ ಆ ಕೋಣೆಯಲ್ಲೇ ಶುರುವಾಯಿತು. ಕಿಟಕಿಯ ಅಗಲ ಆರು ಅಡಿ ಎರಡು ಅಂಗುಲ.